ಹಳೆಯ ಮರದ ಟ್ರಸ್ ಮೇಲೆ ಹೊಸ ಭಾರ ಹಾಕುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಸ್ ಎಂದರೆ ಮಾಡನ್ನು ಹೊತ್ತು ಗೋಡೆಯಿಂದ ಗೋಡೆಗೆ ಚಾಚಿದ ತ್ರಿಕೋನದ ಚೌಕಟ್ಟು. ಮಾಡಿನ ಮೇಲೆ ಸೋಲಾರ್ ಫಲಕ ಕೂರಿಸುವುದು, ಒಳಗೆ ಸೀಲಿಂಗ್ ಹೊಡೆಸುವುದು, ಶೀಟು ತೆಗೆದು ಹೆಂಚು ಹೊದಿಸುವುದು, ಟ್ರಸ್‌ಗಳ ನಡುವೆ ಅಟ್ಟ ಮಾಡುವುದು. ಇದರಲ್ಲಿ ಯಾವ ಕೆಲಸಕ್ಕೆ ಕೈಹಾಕಿದರೂ ಹೊಸ ಭಾರದ ಪ್ರತಿ ಕಿಲೋ ಯಾವ ದಾರಿಯಲ್ಲಿ ಗೋಡೆಗೆ ಇಳಿಯುತ್ತದೆ ಎಂಬುದನ್ನು ಮೊದಲು ಹುಡುಕಬೇಕು. ಹಳೆಯ ಟ್ರಸ್ ಸಾಮಾನ್ಯವಾಗಿ ಮರದ ನಟ್ಟನಡುವೆ ಸೋಲುವುದಿಲ್ಲ. ಮರಗಳು ಕೂಡುವ ಜಾಗದಲ್ಲಿ, ಅದರಲ್ಲೂ ಗೋಡೆಯ ಮೇಲೆ ಕೂತ ತುದಿಯಲ್ಲಿ ಸೋಲುತ್ತದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ಜಾಗಗಳ ಸುತ್ತಲೇ ಇವೆ.

ಟ್ರಸ್‌ನಲ್ಲಿ ಯಾವ ಮರ ಏನು ಕೆಲಸ ಮಾಡುತ್ತದೆ?

ಎಲ್ಲಕ್ಕಿಂತ ಹೆಚ್ಚು ಕಾಣುವುದು ನಡುಗಂಬದ ಟ್ರಸ್, ಅಂದರೆ ಕಿಂಗ್ ಪೋಸ್ಟ್ ಟ್ರಸ್. ಎರಡು ಕಡೆಯಿಂದ ಏರಿ ಮೇಲೆ ಕೂಡುವ ಓರೆತೊಲೆಗಳು, ಅವುಗಳ ಬುಡಗಳನ್ನು ಹಿಡಿದಿಡುವ ಅಡ್ಡತೊಲೆ, ನಡುವೆ ನೆಟ್ಟಗೆ ಒಂದು ಕಂಬ, ಆ ಕಂಬದ ಬುಡದಿಂದ ಓರೆತೊಲೆಯ ಮಧ್ಯಕ್ಕೆ ಹೋಗುವ ಎರಡು ಸ್ಟ್ರಟ್‌ಗಳು ಇದರಲ್ಲಿ ಇರುತ್ತವೆ. ಓರೆತೊಲೆಗಳ ಮೇಲೆ ಒಂದು ಟ್ರಸ್‌ನಿಂದ ಇನ್ನೊಂದಕ್ಕೆ ಹೋಗುವ ಅಡ್ಡಮರ ಅಂದರೆ ಪರ್ಲಿನ್, ಪರ್ಲಿನ್ ಮೇಲೆ ಇಳಿಜಾರಿನುದ್ದಕ್ಕೆ ಪಕಾಸಿ, ಪಕಾಸಿ ಮೇಲೆ ಅಡ್ಡಲಾಗಿ ರೀಪು, ಅದರ ಮೇಲೆ ಹೆಂಚು.

ಓರೆತೊಲೆಗಳೂ ಸ್ಟ್ರಟ್‌ಗಳೂ ಒತ್ತಡ ಹೊರುತ್ತವೆ. ಅಡ್ಡತೊಲೆ ಎಳೆತದಲ್ಲಿರುತ್ತದೆ, ಓರೆತೊಲೆಗಳು ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ತಡೆಯುವುದು ಅದೇ. ನಡುಗಂಬವೂ ಎಳೆತದಲ್ಲೇ ಇರುತ್ತದೆ. ಕೆಳಗೆ ನಿಂತು ನೋಡಿದವರಿಗೆ ಕಂಬವು ಮಾಡನ್ನು ಎತ್ತಿ ಹಿಡಿದಂತೆ ಕಾಣುತ್ತದೆ, ಆದರೆ ಅದು ಮೇಲಿನ ಮೊನೆಯಿಂದ ಜೋತುಬಿದ್ದು ಅಡ್ಡತೊಲೆಯನ್ನೂ ಸ್ಟ್ರಟ್‌ಗಳ ಬುಡವನ್ನೂ ಎತ್ತಿ ಹಿಡಿದಿರುತ್ತದೆ. ಇದನ್ನು ತಪ್ಪಾಗಿ ತಿಳಿದದ್ದರಿಂದಲೇ ಕಂಬದ ಬುಡದ ಕಬ್ಬಿಣದ ಪಟ್ಟಿಯನ್ನು ಬೇಡವೆಂದು ಬಿಚ್ಚಿದವರೂ, ದಾರಿಗೆ ಅಡ್ಡವೆಂದು ಅಡ್ಡತೊಲೆಯನ್ನೇ ಕತ್ತರಿಸಿದವರೂ ಇದ್ದಾರೆ.

ಅಗಲದ ಕಟ್ಟಡಗಳಲ್ಲಿ ಎರಡು ಕಂಬದ ಕ್ವೀನ್ ಪೋಸ್ಟ್ ಟ್ರಸ್ ಇರುತ್ತದೆ. ಅದರ ನಡುವಿನ ಚೌಕದಲ್ಲಿ ಓರೆ ಮರ ಇರುವುದಿಲ್ಲ. ಮಾಡಿನ ಎರಡೂ ಇಳಿಜಾರುಗಳ ಮೇಲೆ ಭಾರ ಸಮವಾಗಿರುವವರೆಗೆ ತೊಂದರೆಯಿಲ್ಲ. ಒಂದೇ ಕಡೆ ಹೆಚ್ಚಾದರೆ ಚೌಕ ವಾಲುತ್ತದೆ, ತೊಲೆಗಳು ಬಾಗುತ್ತವೆ. ಹಾಗಾಗಿ ನಿಮ್ಮದು ಯಾವ ಬಗೆಯ ಟ್ರಸ್ ಎಂಬುದನ್ನು ಎಲ್ಲಕ್ಕೂ ಮೊದಲು ಚಿತ್ರ ಬರೆದು ಗುರುತಿಸಿ.

ಇಷ್ಟು ವರ್ಷ ನಿಂತಿದೆಯಲ್ಲ, ಇನ್ನೊಂದಿಷ್ಟು ತಡೆಯುವುದಿಲ್ಲವೇ?

ಇಷ್ಟು ವರ್ಷ ನಿಂತಿದೆ ಎಂದರೆ ಇಷ್ಟು ವರ್ಷ ಬಿದ್ದ ಭಾರವನ್ನು ತಡೆದಿದೆ ಎಂದಷ್ಟೇ ಅರ್ಥ. ಇನ್ನೂ ಬೀಳದ ಭಾರದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕಟ್ಟಿದ ದಿನ ಇದ್ದ ಮರ ಇಂದು ಅಷ್ಟೇ ಉಳಿದಿರಬೇಕೆಂದೂ ಇಲ್ಲ.

ಮರಕ್ಕೆ ಇನ್ನೊಂದು ಗುಣವಿದೆ. ಭಾರ ಎಷ್ಟು ಹೊತ್ತು ಕೂತಿರುತ್ತದೆ ಎಂಬುದರ ಮೇಲೆ ಅದರ ಬಲ ನಿಂತಿದೆ. ಕ್ಷಣಮಾತ್ರ ಬೀಸುವ ಗಾಳಿಯನ್ನು ತಡೆದ ತೊಲೆ ಅಷ್ಟೇ ಭಾರವನ್ನು ವರ್ಷಗಟ್ಟಲೆ ಹೊರಲಾರದು. ಯೂರೋಪಿನ ಮರದ ವಿನ್ಯಾಸ ಸಂಹಿತೆಯಾದ ಯೂರೋಕೋಡ್ 5 ಒಣ ಜಾಗದಲ್ಲಿರುವ, ಗರಗಸದಿಂದ ಕೊಯ್ದ ಮರದ ಬಲವನ್ನು ಗುಣಿಸಲು ಕ್ಷಣಿಕ ಭಾರದಲ್ಲಿ 1.1, ಶಾಶ್ವತ ಭಾರದಲ್ಲಿ 0.6 ಎಂಬ ಗುಣಕ ಕೊಡುತ್ತದೆ. ಸೀಲಿಂಗ್, ಹೆಂಚು, ಸೋಲಾರ್ ಫಲಕ ಎಲ್ಲವೂ ಶಾಶ್ವತ ಭಾರವೇ. "ಹೋದ ವರ್ಷ ಹೆಂಚು ಬದಲಿಸುವಾಗ ನಾಲ್ಕು ಜನ ಮೇಲೆ ಓಡಾಡಿದರು, ಏನೂ ಆಗಲಿಲ್ಲ" ಎಂಬ ಮಾತನ್ನು ಆದ್ದರಿಂದ ಸಾಕ್ಷಿಯಾಗಿ ತೆಗೆದುಕೊಳ್ಳಲಾಗದು.

ಯಾವುದು ಎಷ್ಟು ತೂಗುತ್ತದೆ?

ಪ್ರತಿ ಚದರ ಮೀಟರಿಗೆ ಅಂದಾಜು ಲೆಕ್ಕ ಹೀಗಿದೆ. ತವರದ ಅಲೆಶೀಟು 5ರಿಂದ 8 ಕೆ.ಜಿ., ಸಿಮೆಂಟ್ ಶೀಟು 12ರಿಂದ 16, ಒಂದಕ್ಕೊಂದು ಕಚ್ಚಿ ಕೂರುವ ಮಣ್ಣಿನ ಹೆಂಚು 40ರಿಂದ 55, ಪದರಪದರವಾಗಿ ಹೊದಿಸುವ ಚಪ್ಪಟೆ ಹೆಂಚು 60ರಿಂದ 75. ಚೌಕಟ್ಟು ಸೇರಿ ಸೋಲಾರ್ ಫಲಕ 12ರಿಂದ 20. ಜಿಪ್ಸಂ ಹಲಗೆಯ ಸೀಲಿಂಗ್ ಫ್ರೇಮ್ ಸೇರಿ 12ರಿಂದ 15. 25 ಮಿ.ಮೀ. ದಪ್ಪದ ಮರದ ಹಲಗೆ ಸುಮಾರು 15.

ಇವು ಒಣ ತೂಕಗಳು. ಮಣ್ಣಿನ ಹೆಂಚು ನೀರು ಕುಡಿದಾಗ ಶೇ. 10–15ರಷ್ಟು ಭಾರವಾಗುತ್ತದೆ. ಪಾಚಿ, ಕಸ, ಸೋರಿಕೆ ತಡೆಯಲೆಂದು ಬಳಿದ ಗಾರೆ ಇವೆಲ್ಲ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ನಾಲ್ಕೈದು ಹೆಂಚುಗಳನ್ನು ತೆಗೆದು ತೂಗಿ, ಒಂದು ಚದರ ಮೀಟರಿಗೆ ಎಷ್ಟು ಹೆಂಚು ಬಿದ್ದಿವೆ ಎಂದು ಎಣಿಸಿ ಗುಣಿಸುವುದು ಪುಸ್ತಕದ ಅಂಕಿಗಿಂತ ನಂಬಿಕೆಗೆ ಯೋಗ್ಯ. ಹಿಮ ಬೀಳುವ ಕಡೆ ಅದನ್ನೂ ಸೇರಿಸಿ.

ಈ ಕಿಲೋಗಳು ಟ್ರಸ್‌ನೊಳಗೆ ಎಷ್ಟು ಎಳೆತವಾಗುತ್ತವೆ? ಒಂದು ಲೆಕ್ಕ ಕೊಡಿ.

8 ಮೀಟರ್ ಅಗಲ, ಟ್ರಸ್‌ನಿಂದ ಟ್ರಸ್‌ಗೆ 3 ಮೀಟರ್, 30 ಡಿಗ್ರಿ ಇಳಿಜಾರು ಎಂದುಕೊಳ್ಳಿ. ಹೆಂಚು, ರೀಪು, ಪಕಾಸಿ, ಪರ್ಲಿನ್ ಎಲ್ಲ ಸೇರಿ ನೆಲದ ಅಳತೆಯಲ್ಲಿ ಚದರ ಮೀಟರಿಗೆ (ಚ.ಮೀ.) 70 ಕೆ.ಜಿ. ಒಂದು ಟ್ರಸ್‌ನ ಪಾಲು 8 × 3 × 70 = 1,680 ಕೆ.ಜಿ.

ಮೊನೆಯಲ್ಲೂ ಓರೆತೊಲೆಗಳ ಮಧ್ಯದಲ್ಲೂ ಪರ್ಲಿನ್ ಇದ್ದರೆ, ಅಡ್ಡತೊಲೆಯ ಎಳೆತ ಒಟ್ಟು ಭಾರದ ಎಂಟರಲ್ಲಿ ಮೂರು ಪಾಲನ್ನು ಇಳಿಜಾರಿನ ಕೋನದ ಟ್ಯಾನ್‌ನಿಂದ (ಏರಿದ ಎತ್ತರವನ್ನು ಅಡ್ಡ ಅಳತೆಯಿಂದ ಭಾಗಿಸಿದ ಅಂಕಿ) ಭಾಗಿಸಿದಷ್ಟು. ಇಲ್ಲಿ ಅದು ಭಾರದ ಸುಮಾರು 0.65 ಪಟ್ಟು, ಅಂದರೆ 1,090 ಕೆ.ಜಿ. ಹತ್ತಿರ. ಇದೇ ಟ್ರಸ್ 20 ಡಿಗ್ರಿ ಇಳಿಜಾರಿನದಾಗಿದ್ದರೆ ಎಳೆತ ಒಟ್ಟು ಭಾರಕ್ಕಿಂತಲೂ ತುಸು ಹೆಚ್ಚು. ಚಪ್ಪಟೆಯಾದ ಮಾಡು ನೋಡಲು ಹಗುರವೆನಿಸಿದರೂ ಬುಡದ ಜೋಡಣೆಗೆ ಅದೇ ಹೆಚ್ಚು ಕಠಿಣ.

ಈಗ ಅಡ್ಡತೊಲೆಯಿಂದ ಚ.ಮೀ.ಗೆ 15 ಕೆ.ಜಿ.ಯ ಸೀಲಿಂಗ್ ಇಳಿಬಿಡೋಣ. ತೊಲೆಯ ಮೇಲೆ ಮೀಟರಿಗೆ 45 ಕೆ.ಜಿ. ನಡುಗಂಬ ಸರಿಯಾಗಿ ಹಿಡಿದಿದ್ದರೆ ತೊಲೆ 4 ಮೀಟರಿನ ಎರಡು ತುಂಡಿನಂತೆ ಕೆಲಸ ಮಾಡುತ್ತದೆ. ಬಾಗಿಸುವ ಬಲ 90 ಕೆ.ಜಿ.-ಮೀಟರ್. ಕಂಬದ ಬುಡದ ಪಟ್ಟಿ ಸಡಿಲವಾಗಿದ್ದರೆ ಅದೇ ತೊಲೆ 8 ಮೀಟರನ್ನು ಒಂದೇ ನೆಗೆತದಲ್ಲಿ ದಾಟಬೇಕು. ಬಲ 360 ಕೆ.ಜಿ.-ಮೀಟರ್, ನಾಲ್ಕು ಪಟ್ಟು. ಬಾಗು ಕಡಿಮೆಯೆಂದರೂ ಹದಿನಾರು ಪಟ್ಟು. ತೊಲೆಯೂ ಅದೇ, ಸೀಲಿಂಗೂ ಅದೇ. ಬದಲಾದದ್ದು ಒಂದು ಕಬ್ಬಿಣದ ಪಟ್ಟಿ ಬಿಗಿಯಾಗಿದೆಯೇ ಇಲ್ಲವೇ ಎಂಬುದು. ಪಟ್ಟಿ ಬಿಗಿಯಾಗಿದ್ದಾಗಲೂ ಸೀಲಿಂಗ್‌ನ ಸುಮಾರು 225 ಕೆ.ಜಿ. ಕಂಬದ ಮೂಲಕ ಮೊನೆಗೆ ಏರಿ ಓರೆತೊಲೆಗಳಲ್ಲಿ ಇಳಿಯುತ್ತದೆ, ಅಡ್ಡತೊಲೆಯ ಎಳೆತ ಇನ್ನೂ 195 ಕೆ.ಜಿ. ಏರುತ್ತದೆ. ಅಂದರೆ ಇದ್ದದ್ದಕ್ಕಿಂತ ಶೇ. 18 ಹೆಚ್ಚು.

ಪರೀಕ್ಷೆಗೆ ಮೇಲೆ ಹತ್ತುವಾಗ ಏನು ಎಚ್ಚರ ಬೇಕು?

ಸೀಲಿಂಗ್ ಮೇಲೆ ಕಾಲಿಡಬೇಡಿ. ಕನಿಷ್ಠ ಎರಡು ತೊಲೆಗಳನ್ನು ದಾಟುವ ಗಟ್ಟಿ ಹಲಗೆ ಹಾಸಿ ಅದರ ಮೇಲೆಯೇ ಓಡಾಡಿ. ಹಳೆಯ ವಿದ್ಯುತ್ ತಂತಿಯ ಹೊದಿಕೆ ಉದುರಿರಬಹುದು, ಮೇನ್ ಸ್ವಿಚ್ ಆಫ್ ಮಾಡಿ ತಲೆಗೆ ಕಟ್ಟುವ ದೀಪ ಬಳಸಿ. ಬಾವಲಿ, ಹಕ್ಕಿಗಳ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿ. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಕೊರೆಯುವುದಾಗಲಿ ಒಡೆಯುವುದಾಗಲಿ ಬೇಡ. ಒಬ್ಬರೇ ಹತ್ತಬೇಡಿ.

ಎಲ್ಲಿಂದ ಶುರು ಮಾಡಬೇಕು?

ಗೋಡೆಯಿಂದ. ಅಡ್ಡತೊಲೆಯ ತುದಿ ಗೋಡೆಯೊಳಗೆ ಅಥವಾ ಗೋಡೆಯ ತಲೆಯ ಮರದ ಮೇಲೆ ಕೂತಿರುತ್ತದೆ. ಸೂರಿನ ಸೋರಿಕೆಯ ನೀರು ಬಂದು ನಿಲ್ಲುವುದು ಅಲ್ಲೇ, ಗೋಡೆಯ ತೇವ ಏರುವುದು ಅಲ್ಲಿಗೇ, ಗೆದ್ದಲು ಹತ್ತುವ ದಾರಿಯೂ ಅದೇ. ಗಾಳಿಯಾಡದಂತೆ ಗಾರೆಯಿಂದ ಮುಚ್ಚಿದ ತುದಿಯ ಮೇಲೆ ಅನುಮಾನ ಹೆಚ್ಚಿರಬೇಕು. ಪಕ್ಕದ ಒಂದೆರಡು ಇಟ್ಟಿಗೆ ತೆಗೆದಾದರೂ ಸರಿ, ಆ ತುದಿಯನ್ನು ಕಣ್ಣಾರೆ ನೋಡಲೇಬೇಕು. ಹೊರಗೆ ಚೆಂದ ಕಾಣುವ ತೊಲೆಯ ಗೋಡೆಯೊಳಗಿನ ಅರ್ಧ ಅಡಿ ಲಡ್ಡಾಗಿ ಪುಡಿಯಾಗಿರುವುದು ಹಳೆಯ ಮಾಡುಗಳಲ್ಲಿ ತೀರಾ ಸಾಮಾನ್ಯ.

ಆಮೇಲೆ ಬುಡದ ಜೋಡಣೆ. ಓರೆತೊಲೆಯ ಬುಡ ಅಡ್ಡತೊಲೆಯಲ್ಲಿ ಕೆತ್ತಿದ ಕಚ್ಚಿನಲ್ಲಿ ಕೂತು ಅದರ ತುದಿಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಕಚ್ಚಿನಿಂದ ತೊಲೆಯ ತುದಿಯವರೆಗೆ ಉಳಿದ ಮರವೇ ಆ ತಳ್ಳಿಕೆಯನ್ನು ತಡೆಯುವುದು. ಆ ಉದ್ದ ಅಳೆಯಿರಿ. ಮೇಲಿನ ಲೆಕ್ಕದ ಟ್ರಸ್‌ನಲ್ಲಿ 100 ಮಿ.ಮೀ. ಅಗಲದ ತೊಲೆಯ ತುದಿ 250 ಮಿ.ಮೀ. ಉಳಿದಿದ್ದರೆ ಅಲ್ಲಿನ ಜಾರುವ ಒತ್ತಡ ಚದರ ಮಿ.ಮೀ.ಗೆ ಸುಮಾರು 0.43 ನ್ಯೂಟನ್, ಮೆದುಮರದಲ್ಲಿ ಇದು ಲೆಕ್ಕದ ಮಿತಿಯಿಂದ ತೀರಾ ದೂರವಿಲ್ಲ. ಸೀಲಿಂಗ್ ಸೇರಿದರೆ 0.5 ದಾಟುತ್ತದೆ. ತುದಿಯಲ್ಲಿ ಕಚ್ಚಿನ ಮಟ್ಟಕ್ಕೇ ಸೀಳೊಂದು ನಾರಿನುದ್ದಕ್ಕೆ ಓಡಿದ್ದರೆ ತಡೆಯುವ ಮರವೇ ಇಲ್ಲದಂತಾಯಿತು. ಅಲ್ಲಿ ಹೊಸ ಭಾರದ ಮಾತು ಬಿಟ್ಟು ಮೊದಲು ಆನಿಕೆ ಕೊಡಿ.

ಕೊನೆಗೆ ನಡುಗಂಬದ ಬುಡ, ಮೊನೆ, ಸ್ಟ್ರಟ್‌ಗಳ ಎರಡು ತುದಿ. ಮರದ ಗೂಟ ಮುರಿದಿದೆಯೇ, ಪಟ್ಟಿ ತುಕ್ಕು ತಿಂದು ತೆಳುವಾಗಿದೆಯೇ, ಸಂದಿನಲ್ಲಿ ಬೆಳಕು ಕಾಣುತ್ತಿದೆಯೇ ನೋಡಿ. ಸ್ಟ್ರಟ್‌ನ ತುದಿಗೂ ಓರೆತೊಲೆಗೂ ನಡುವೆ ತೆಳ್ಳನೆಯ ಬ್ಲೇಡು ಸರಾಗವಾಗಿ ನುಗ್ಗಿದರೆ ಆ ಸ್ಟ್ರಟ್ ಭಾರ ಹೊರುತ್ತಿಲ್ಲ. ಅದರ ಪಾಲು ಬೇರೆ ಮರದ ಮೇಲೆ ಬಿದ್ದಿದೆ.

ಒಳಗೆ ಕೊಳೆತಿದೆಯೋ, ಹುಳು ತಿಂದಿದೆಯೋ ಹೇಗೆ ತಿಳಿಯುವುದು?

ಸುತ್ತಿಗೆ, ಚೂಪಾದ ದಬ್ಬಳ, ತೇವಮಾಪಕ ಮೂರೂ ಬೇಕು. ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿಮರ ಟಣ್ಣೆನ್ನುತ್ತದೆ, ಟೊಳ್ಳು ಬೊದಬೊದ ಎನ್ನುತ್ತದೆ. ಒಂದೇ ತೊಲೆಯ ಬೇರೆ ಬೇರೆ ಜಾಗ ತಟ್ಟಿ ಹೋಲಿಸಿ, ಒಂಟಿ ಸದ್ದಿನಿಂದ ತೀರ್ಮಾನಿಸಬೇಡಿ. ದಬ್ಬಳವನ್ನು ನಾರಿಗೆ ಅಡ್ಡಲಾಗಿ ಒತ್ತಿ ಮೇಲಕ್ಕೆ ಮೀಟಿ: ಒಳ್ಳೆಯ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ, ಕೊಳೆತದ್ದು ಗಿಡ್ಡಕ್ಕೆ ಪುಟಕ್ಕನೆ ಮುರಿಯುತ್ತದೆ.

ತೇವ ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊಳೆ ಮುಂದುವರಿಯುವುದಿಲ್ಲ. ಹೆಚ್ಚಿದ್ದರೆ ಸೋರಿಕೆ ಎಲ್ಲಿಂದ ಎಂದು ಹುಡುಕಿ ನಿಲ್ಲಿಸುವವರೆಗೆ ಯಾವ ರಿಪೇರಿಯೂ ಉಳಿಯದು. ಮಳೆಗಾಲ ಮುಗಿಯುತ್ತಿದ್ದಂತೆ ಒಮ್ಮೆ ಅಳೆದರೆ ಸತ್ಯ ತಿಳಿಯುತ್ತದೆ. ಬೇಸಿಗೆಯ ಅಳತೆ ಎಲ್ಲವನ್ನೂ ಚೆನ್ನಾಗಿ ತೋರಿಸಿಬಿಡುತ್ತದೆ.

ಹುಳುವಿನ ತೂತು ಕಂಡ ಮಾತ್ರಕ್ಕೆ ಗಾಬರಿ ಬೇಡ. ಹಲವು ಹುಳುಗಳು ಹೊರಗಿನ ಎಳಸು ಬಿಳಿಮರವನ್ನಷ್ಟೇ ತಿಂದು ಚೇಗನ್ನು ಬಿಡುತ್ತವೆ, ತೂತುಗಳೂ ಎಷ್ಟೋ ವರ್ಷ ಹಳೆಯವಿರಬಹುದು. ತೂತಿನ ಅಂಚು ಹೊಸದಾಗಿ ಬೆಳ್ಳಗಿದ್ದು ಕೆಳಗೆ ತಿಳಿಬಣ್ಣದ ಪುಡಿ ಬಿದ್ದಿದ್ದರೆ ಹುಳು ಈಗಲೂ ಇದೆ. ತೊಲೆಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಬಿಟ್ಟು ನೋಡಿ. ಗೆದ್ದಲಿನ ವಿಷಯ ಬೇರೆ. ಅದು ಹೊರಗಿನ ತೆಳು ಪದರ ಬಿಟ್ಟು ಒಳಗನ್ನು ತಿನ್ನುತ್ತದೆ, ಆದ್ದರಿಂದ ಮಣ್ಣಿನ ಕೊಳವೆ ಕಂಡಲ್ಲಿ ಇಡೀ ತೊಲೆಯನ್ನು ತಟ್ಟಿ ನೋಡಬೇಕು.

ದಪ್ಪ ತೊಲೆಗಳಿಗೆ ಪ್ರತಿರೋಧ ಅಳೆಯುವ ಸೂಜಿ ಡ್ರಿಲ್ ಒಳ್ಳೆಯ ಸಾಧನ. ಅದರ ಸೂಜಿ 1.5 ಮಿ.ಮೀ., ತುದಿ 3 ಮಿ.ಮೀ.; ಕೊರೆಯುತ್ತ ಹೋದಂತೆ ಮರ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಗೆರೆ ಎಳೆದು ತೋರಿಸುತ್ತದೆ. ಹೊರಮೈಯನ್ನು ನಂಬಬಾರದೆಂಬುದಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್ ಸಾಕ್ಷಿ. 14ನೇ ಶತಮಾನದ ಅದರ ಓಕ್ ಮರದ ಮಾಡನ್ನು ಹುಳುಗಳು ಒಳಗಿನಿಂದ ತಿಂದಿದ್ದರಿಂದ, 20ನೇ ಶತಮಾನದ ಆರಂಭದಲ್ಲಿ ಅದಕ್ಕೆ ಕಣ್ಣಿಗೆ ಕಾಣದಂತೆ ಉಕ್ಕಿನ ಆಸರೆ ಕೊಡಬೇಕಾಯಿತು.

ತೊಲೆಯ ತುಂಬ ಸೀಳುಗಳಿವೆ. ಎಲ್ಲವೂ ಅಪಾಯವೇ?

ಅಲ್ಲ. ಹಸಿಮರ ಒಣಗುವಾಗ ನಾರಿನುದ್ದಕ್ಕೆ ಸೀಳುವುದು ಸಹಜ. ಒಳಗೆ ಬಣ್ಣ ಕಪ್ಪಾಗಿ, ಧೂಳು ತುಂಬಿ, ಅಂಚು ಮೊಂಡಾಗಿದ್ದರೆ ಅದು ಹಳೆಯ ಒಣಸೀಳು. ಚಿಂತೆ ಮಾಡಬೇಕಾದವು ಬೇರೆ: ನಾರಿಗೆ ಅಡ್ಡಲಾಗಿ ಹೋದ ಬಿರುಕು, ತೊಲೆಯ ಕೆಳಮೈಯಲ್ಲಿ ಗಂಟಿನಿಂದ ಹೊರಟ ಬಿರುಕು, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓರೆಯಾಗಿ ಹಾದುಹೋದ ಸೀಳು, ಬೋಲ್ಟಿನ ಸಾಲಿನಲ್ಲೇ ತೆರೆದ ಸೀಳು, ಮೇಲೆ ಹೇಳಿದ ಬುಡದ ಸೀಳು. ಒಳಗೆ ಹೊಸ ಮರದ ಬಣ್ಣ ಕಂಡರೆ ಅದು ಇತ್ತೀಚಿನದು.

ಬಾಗಿದ್ದನ್ನು ಅಳೆಯುವುದು ಹೇಗೆ?

ತೊಲೆಯ ಎರಡು ತುದಿಗೆ ಸಮ ದಪ್ಪದ ಮರದ ತುಂಡು ಇಟ್ಟು ದಾರ ಬಿಗಿದು ನಡುವೆ ಅಳೆಯಿರಿ, ತುಂಡಿನ ದಪ್ಪ ಕಳೆಯಿರಿ. ಲೇಸರ್ ಇದ್ದರೆ ಇನ್ನೂ ಸುಲಭ. ಎಲ್ಲ ಟ್ರಸ್‌ಗಳನ್ನೂ ಅಳೆದು ಪಕ್ಕಪಕ್ಕ ಬರೆದುಕೊಳ್ಳಿ, ಏಕೆಂದರೆ ಒಂದರ ಅಂಕಿಗಿಂತ ಅಕ್ಕಪಕ್ಕದವುಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. 6 ಮೀಟರಿಗೆ 25 ಮಿ.ಮೀ. ಬಾಗು ಅಂದರೆ 240ರಲ್ಲಿ ಒಂದು. ಹೊಸ ತೊಲೆಗಳಿಗೆ ಸಾಮಾನ್ಯವಾಗಿ ಇಡುವ ಮಿತಿ ಇದರ ಆಸುಪಾಸು. ಹಳೆಯ ಮರ ವರ್ಷಗಳ ಭಾರದಲ್ಲಿ ನಿಧಾನವಾಗಿ ಬಾಗುತ್ತ ಹೋಗಿ ಮೊದಲ ಬಾಗಿನ ಎರಡು ಪಟ್ಟಿಗೆ ಬಂದು ನಿಂತಿರುವುದು ಉಂಟು. ಐದು ಟ್ರಸ್‌ಗಳಲ್ಲಿ ನಾಲ್ಕು 20 ಮಿ.ಮೀ. ಬಾಗಿ ಒಂದು 55 ಬಾಗಿದ್ದರೆ ಆ ಒಂದರ ಯಾವುದೋ ಜೋಡಣೆ ಜಾರಿದೆ.

ಗೋಡೆಗೂ ತೂಗುಗುಂಡು ಹಾಕಿ ನೋಡಿ. ಟ್ರಸ್ ಕೂತ ಎತ್ತರದಲ್ಲಿ ಗೋಡೆ ಹೊರಕ್ಕೆ ವಾಲಿದ್ದರೆ ಅಡ್ಡತೊಲೆ ಹಿಡಿತ ಬಿಟ್ಟಿರುವ ಸಾಧ್ಯತೆ ದೊಡ್ಡದು.

ಮೇಲಿನ ಒಂದು ಸೆಂಟಿಮೀಟರ್ ಮಾತ್ರ ಹಾಳಾಗಿದೆ. ಅಷ್ಟಕ್ಕೆ ಏನಾಗುತ್ತದೆ?

100 × 200 ಮಿ.ಮೀ. ತೊಲೆಯ ನಾಲ್ಕೂ ಮೈಯಿಂದ 10 ಮಿ.ಮೀ. ಹೋದರೆ ಉಳಿಯುವುದು 80 × 180. ಬಾಗುವಿಕೆಯ ಬಲ ಶೇ. 65ಕ್ಕೆ ಇಳಿಯುತ್ತದೆ, ಬಿಗುವು (ಬಾಗದೆ ನಿಲ್ಲುವ ಗುಣ) ಶೇ. 58ಕ್ಕೆ. ಎತ್ತರ ಕಳೆದುಕೊಳ್ಳುವುದು ಅಗಲ ಕಳೆದುಕೊಳ್ಳುವುದಕ್ಕಿಂತ ದುಬಾರಿ. ಕೆಳಮೈಯಲ್ಲಿ ಪೈಪಿಗೆಂದು 50 ಮಿ.ಮೀ. ಕಚ್ಚು ಕೆತ್ತಿದ್ದರೆ ಅಲ್ಲಿ ಬಲ ಶೇ. 56, ಜೊತೆಗೆ ಕಚ್ಚಿನ ಮೂಲೆಯಿಂದ ನಾರಿನುದ್ದಕ್ಕೆ ಸೀಳು ಹೊರಡುತ್ತದೆ. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ್ದು ಕೆರೆದು ನೋಡಿದ ಮೇಲೆ ಉಳಿದ ಗಟ್ಟಿಮರದ ಅಳತೆ. ನಕ್ಷೆಯ ಅಳತೆ ಇಲ್ಲಿ ಪ್ರಯೋಜನಕ್ಕೆ ಬಾರದು.

ಮರ ಯಾವುದೆಂದು ಗೊತ್ತಿಲ್ಲ. ಬಲ ಎಷ್ಟೆಂದು ಹಿಡಿಯುವುದು?

ಒಂದು ಸಣ್ಣ ತುಂಡನ್ನು ಮರ ಗುರುತಿಸುವವರಿಗೆ ಕೊಟ್ಟರೆ ಜಾತಿ ತಿಳಿಯುತ್ತದೆ. ತಿಳಿಯದಿದ್ದರೆ ಕೆಳದರ್ಜೆಯ ಬಲವನ್ನೇ ಹಿಡಿಯಿರಿ. ಜಾತಿಗಿಂತಲೂ ಆ ತೊಲೆಯ ಗುಣ ಮುಖ್ಯ. ನಾರು ತೊಲೆಯ ಉದ್ದಕ್ಕೆ ನೇರವಾಗಿರದೆ ಹತ್ತಕ್ಕೆ ಒಂದರಂತೆ ಓರೆಯಾಗಿದ್ದರೆ ಬಾಗುವ ಬಲ ಸುಮಾರು ಶೇ. 80ಕ್ಕೆ, ಐದಕ್ಕೆ ಒಂದಾದರೆ ಸುಮಾರು ಶೇ. 55ಕ್ಕೆ ಇಳಿಯುತ್ತದೆ. ಎಳೆತದಲ್ಲಿರುವ ಅಡ್ಡತೊಲೆಯ ಅಂಚಿನಲ್ಲಿ ದೊಡ್ಡ ಗಂಟಿದ್ದರೆ ಅದನ್ನು ಅಳೆದು ಗುರುತು ಹಾಕಿ.

ಸೋಲಾರ್ ಫಲಕ ಹಗುರವಲ್ಲವೇ? ಅದಕ್ಕೂ ಇಷ್ಟೆಲ್ಲ ಬೇಕೇ?

ತೂಕವೊಂದೇ ಆದರೆ ಸಣ್ಣ ವಿಷಯ. ನಮ್ಮ ಉದಾಹರಣೆಯ ಟ್ರಸ್‌ಗೆ ಮಾಡಿನ ಒಂದು ಇಳಿಜಾರಿನ ತುಂಬ ಫಲಕ ಹಾಕಿದರೆ ಸುಮಾರು 210 ಕೆ.ಜಿ., ಶೇ. 12ರಷ್ಟು ಹೆಚ್ಚು. ತೊಂದರೆ ಬರುವುದು ಬೇರೆ ಮೂರು ಕಡೆಯಿಂದ.

ಭಾರ ಮಾಡಿನ ಒಂದೇ ಇಳಿಜಾರಿನ ಮೇಲೆ ಬೀಳುತ್ತದೆ. ನಡುಗಂಬದ ಟ್ರಸ್ ಇದನ್ನು ಸಹಿಸಬಲ್ಲದು, ಎರಡು ಕಂಬದ ಟ್ರಸ್‌ಗೆ ಪ್ರತ್ಯೇಕ ಲೆಕ್ಕ ಬೇಕು. ಭಾರ ಹರಡಿ ಬೀಳದೆ ಫಲಕದ ಕಾಲುಗಳ ಮೂಲಕ ಕೆಲವೇ ಬಿಂದುಗಳಲ್ಲಿ ಇಳಿಯುತ್ತದೆ. ಆ ಕಾಲನ್ನು ರೀಪಿಗಾಗಲಿ ಹೆಂಚಿಗಾಗಲಿ ಕೂರಿಸಬಾರದು, ಪಕಾಸಿಗೆ ಅಥವಾ ಪರ್ಲಿನ್‌ಗೆ ಹೋಗಬೇಕು. ಹಳೆಯ ಪಕಾಸಿ ತೆಳ್ಳಗಿದ್ದರೆ ಎರಡು ಪಕಾಸಿಗಳ ನಡುವೆ ಅಡ್ಡಮರ ಕೊಟ್ಟು ಅದಕ್ಕೆ ತಿರುಪು ಹಾಕಬೇಕು.

ಎಲ್ಲಕ್ಕಿಂತ ದೊಡ್ಡದು ಗಾಳಿ. ಸೆಕೆಂಡಿಗೆ 40 ಮೀಟರ್ ವೇಗದ ಗಾಳಿಯ ಒತ್ತಡ ಚ.ಮೀ.ಗೆ ಸುಮಾರು 960 ನ್ಯೂಟನ್, ಅಂದರೆ 98 ಕೆ.ಜಿ.ಗೆ ಸಮ. ಫಲಕದ ತೂಕ 15. ಸೂರಿನಂಚು, ಮೊನೆ, ಮೂಲೆಗಳಲ್ಲಿ ಮೇಲೆಳೆತ ಈ ಒತ್ತಡವನ್ನೂ ಮೀರಬಹುದು, ಹಾಗಾಗಿ ಅಂಚಿನಿಂದ ಸಾಕಷ್ಟು ಜಾಗ ಬಿಟ್ಟು ಕೂರಿಸಿ. ಫಲಕದಿಂದ ಪಕಾಸಿ, ಪಕಾಸಿಯಿಂದ ಪರ್ಲಿನ್, ಪರ್ಲಿನ್‌ನಿಂದ ಟ್ರಸ್, ಟ್ರಸ್‌ನಿಂದ ಗೋಡೆ, ಈ ನಾಲ್ಕೂ ಕೊಂಡಿಗಳು ಮೇಲೆಳೆತವನ್ನು ತಡೆಯುತ್ತವೆಯೇ ನೋಡಿ. ಹಳೆಯ ಮಾಡುಗಳಲ್ಲಿ ಇವು ಬಹುಮಟ್ಟಿಗೆ ತಮ್ಮ ತೂಕದಿಂದಲೇ ಕೂತಿರುತ್ತವೆ, ಹಿಡಿದಿಡುವ ಕಬ್ಬಿಣ ಏನೂ ಇರುವುದಿಲ್ಲ.

ಹೆಂಚು ತೆಗೆದು ಹಗುರ ಶೀಟು ಹಾಕಿದರೆ ಚಿಂತೆಯಿಲ್ಲ ಅಲ್ಲವೇ?

ಇದು ಅತ್ಯಂತ ಮೋಸಗೊಳಿಸುವ ಬದಲಾವಣೆ. ಕೆಳಮುಖ ಭಾರ ಇಳಿಯಿತು ನಿಜ, ಆದರೆ ಗಾಳಿಯ ವಿರುದ್ಧ ಮಾಡನ್ನು ಅದುಮಿ ಹಿಡಿದಿದ್ದೂ ಆ ಭಾರವೇ. 50 ಕೆ.ಜಿ.ಯ ಹೆಂಚಿನ ಜಾಗಕ್ಕೆ 6 ಕೆ.ಜಿ.ಯ ಶೀಟು ಬಂದಾಗ ಬಿರುಗಾಳಿಯಲ್ಲಿ ಬಲಗಳ ದಿಕ್ಕು ತಿರುಗಿಬಿಡಬಹುದು. ಎಳೆತದಲ್ಲಿದ್ದ ಅಡ್ಡತೊಲೆಗೆ ಒತ್ತಡ ಬಂದು ಅದು ಪಕ್ಕಕ್ಕೆ ಬಾಗುತ್ತದೆ. ಒತ್ತಿ ಕೂತಿದ್ದ ಸ್ಟ್ರಟ್‌ಗಳು ಕಚ್ಚಿನಿಂದ ಕಳಚಿಕೊಳ್ಳುತ್ತವೆ. ಶೀಟು ಹಾಕುವುದಾದರೆ ಪ್ರತಿ ಜೋಡಣೆಗೂ ಎರಡೂ ದಿಕ್ಕಿಗೆ ಹಿಡಿಯುವ ಪಟ್ಟಿ, ಟ್ರಸ್‌ನ ತುದಿಗೆ ಗೋಡೆಯೊಳಗೆ ಆಳಕ್ಕೆ ಇಳಿಸಿದ ಆಂಕರ್ ಬೇಕೇ ಬೇಕು.

ಅಟ್ಟದಲ್ಲಿ ನೀರಿನ ಟ್ಯಾಂಕ್ ಇಡಬಹುದೇ?

500 ಲೀಟರ್ ನೀರು ಎಂದರೆ 500 ಕೆ.ಜಿ., ಒಂದೇ ಜಾಗದಲ್ಲಿ, ವರ್ಷವಿಡೀ. ಅಡ್ಡತೊಲೆಯ ಮೇಲೆ ಬೇಡ. ಗೋಡೆಯಿಂದ ಗೋಡೆಗೆ ಬೇರೆಯೇ ತೊಲೆ ಹಾಕಿ ಅದರ ಮೇಲಿಡಿ. ಸಾಮಾನಿನ ಅಟ್ಟಕ್ಕೂ ಇದೇ ಉತ್ತರ: ಕಾಗದಪತ್ರದ ಪೆಟ್ಟಿಗೆಗಳು ಒಂದು ಅಡಿ ಎತ್ತರ ಪೇರಿಸಿದರೆ ಚ.ಮೀ.ಗೆ ನೂರಾರು ಕೆ.ಜಿ. ಆಗುತ್ತದೆ.

ಮೊಳೆಫಲಕದ ತೆಳು ಟ್ರಸ್‌ಗಳಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಕಾರ್ಖಾನೆಯಲ್ಲಿ ಹಲ್ಲಿನ ಉಕ್ಕಿನ ತಗಡು ಒತ್ತಿ ಜೋಡಿಸಿದ ಟ್ರಸ್‌ಗಳಲ್ಲಿ ಮರ ಕೇವಲ 35ರಿಂದ 45 ಮಿ.ಮೀ. ದಪ್ಪ. ಪ್ರತಿ ತುಂಡನ್ನೂ ಲೆಕ್ಕ ಹಾಕಿ ಅಷ್ಟೇ ಅಳತೆಗೆ ಕತ್ತರಿಸಿರುತ್ತಾರೆ, ಮಿಗತೆ ಬಲ ಇರುವುದಿಲ್ಲ. ತಗಡಿನ ಹಲ್ಲು ಮರದಿಂದ 1–2 ಮಿ.ಮೀ. ಎದ್ದಿದ್ದರೂ ಗಂಭೀರವೆಂದೇ ತಿಳಿಯಿರಿ. ಒಂದು ತುಂಡನ್ನೂ ಕತ್ತರಿಸಬೇಡಿ, ಸುತ್ತಿಗೆಯಿಂದ ಹಲ್ಲು ಒಳಕ್ಕೆ ಬಡಿಯಬೇಡಿ.

ಮೂಟೆ ಹೇರಿ ಪರೀಕ್ಷಿಸಿ ನೋಡಬಹುದೇ?

ಬೇಡ. ಮರ ಮುರಿಯುವ ಮುನ್ನ ಎಚ್ಚರಿಕೆ ಕೊಡುತ್ತದೆಂದು ನಂಬಲಾಗದು; ಎಳೆತದಲ್ಲಿ ಅದು ಥಟ್ಟನೆ ಹರಿಯುತ್ತದೆ. ಅರ್ಧ ದಿನ ತಡೆದದ್ದು ಹತ್ತು ವರ್ಷಕ್ಕೆ ಪ್ರಮಾಣವೂ ಆಗದು, ಪರೀಕ್ಷೆಯೇ ಒಳಗೆ ಹೊಸ ಸೀಳು ಎಬ್ಬಿಸಬಹುದು. ಭಾರ ಪರೀಕ್ಷೆ ಅನಿವಾರ್ಯವಾದರೆ ತೊಲೆಗಿಂತ ಅಂಗುಲದಷ್ಟು ಕೆಳಗೆ ಆನಿಕೆ ನಿಲ್ಲಿಸಿ, ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲಿ ಬಾಗು ಅಳೆಯುತ್ತ ಎಂಜಿನಿಯರ್ ನಡೆಸಬೇಕು.

ಬಲಪಡಿಸುವುದಾದರೆ ಹೇಗೆ?

ಮೊದಲು ಸೋರಿಕೆ ನಿಲ್ಲಿಸಿ, ನಂತರ ಆನಿಕೆ ಕೊಟ್ಟು ಭಾರ ಇಳಿಸಿ, ಆಮೇಲೆ ಮರಕ್ಕೆ ಕೈಹಾಕಿ. ಈ ಕ್ರಮ ತಪ್ಪಬಾರದು. ಭಾರ ಇಳಿಸದೆ ಪಕ್ಕಕ್ಕೆ ಜೋಡಿಸಿದ ಹೊಸ ಮರ ಹಳೆಯದರ ಭಾರದಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ, ಮುಂದೆ ಬರುವ ಭಾರದಲ್ಲಿ ಮಾತ್ರ ತೆಗೆದುಕೊಳ್ಳುತ್ತದೆ.

ತುದಿ ಕೊಳೆತಿದ್ದರೆ ಗಟ್ಟಿಮರ ಸಿಗುವವರೆಗೆ ಕತ್ತರಿಸಿ, ಎರಡು ಪಕ್ಕಕ್ಕೂ ಉಕ್ಕಿನ ತಗಡು ಅಥವಾ ಮರದ ಪಟ್ಟಿ ಕೊಟ್ಟು ಹೊಸ ತುದಿ ಬೋಲ್ಟ್ ಮಾಡುವುದು ಬಹುಕಾಲದಿಂದ ನಡೆದುಬಂದ ಸರಿಯಾದ ಕ್ರಮ. ಎಳೆತವಿರುವ ಕಡೆ ಬೋಲ್ಟಿನಿಂದ ಮರದ ತುದಿಗೆ ಬೋಲ್ಟ್ ದಪ್ಪದ ಏಳು ಪಟ್ಟಾದರೂ ಅಂತರ ಇರಲಿ, 16 ಮಿ.ಮೀ. ಬೋಲ್ಟಿಗೆ ಅದು 112 ಮಿ.ಮೀ. ಆಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಬೋಲ್ಟು ಮರವನ್ನು ಸೀಳಿಕೊಂಡು ಹೊರಬರುತ್ತದೆ. ಅಗಲವಾದ ವಾಷರ್ ಹಾಕದಿದ್ದರೆ ನಟ್ಟು ಮರದೊಳಗೆ ಹೂತುಹೋಗುತ್ತದೆ. ಓಕ್‌ನಂಥ ಟ್ಯಾನಿನ್ ಹೆಚ್ಚಿರುವ ಮರದಲ್ಲಿ ಸಾದಾ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಬಳಸಿ.

ಅಡ್ಡತೊಲೆಯ ಎಳೆತಕ್ಕೆ ನೆರವು ಬೇಕಾದರೆ ಎರಡು ಪಕ್ಕದಲ್ಲಿ ಉಕ್ಕಿನ ಸರಳು ಹಾಕಿ ನಡುವೆ ತಿರುಗಿಸಿ ಬಿಗಿಯುವ ಟರ್ನ್‌ಬಕಲ್ ಕೊಡುವುದು ನಮಗೆ ಮೆಚ್ಚಿನ ದಾರಿ. ಹಳೆಯ ಮರಕ್ಕೆ ಗಾಯವಾಗುವುದು ಕಡಿಮೆ, ಮುಂದೆ ಬೇಡವಾದರೆ ಬಿಚ್ಚಬಹುದು. ಕೊಳೆತ ಜಾಗಕ್ಕೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಸುರಿದು ಮುಚ್ಚುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ತೇವ ಒಳಗೇ ಸಿಕ್ಕಿಕೊಂಡು ಅದರ ಹಿಂದಿನ ಮರ ಕೊಳೆಯುತ್ತದೆ.

ದಶಕಗಳ ಬಾಗನ್ನು ಜಾಕಿ ಕೊಟ್ಟು ನೆಟ್ಟಗೆ ಮಾಡುವ ಆಸೆಯನ್ನೂ ಬಿಡಿ. ಮರ ಆ ಆಕಾರಕ್ಕೆ ಒಗ್ಗಿರುತ್ತದೆ. ಎತ್ತಿದರೆ ಬಾಗು ಹೋಗುವ ಬದಲು ಜೋಡಣೆಗಳು ಬಿಚ್ಚಿಕೊಳ್ಳುತ್ತವೆ. ಇನ್ನು ಮುಂದೆ ಬಾಗದಂತೆ ಹಿಡಿದರೆ ಸಾಕು.

ಎಂಜಿನಿಯರ್ ಯಾವಾಗ ಬೇಕು, ಅವರಿಗೆ ಏನೇನು ಕೊಡಬೇಕು?

ಶಾಶ್ವತ ಭಾರ ಏರುವ ಯಾವ ಕೆಲಸಕ್ಕೂ ಬೇಕು. ಮರದ ಕೆಲಸ ಬಲ್ಲವರೇ ಆಗಿರಬೇಕು. ಕಾಂಕ್ರೀಟ್ ಮಾತ್ರ ಬಲ್ಲವರು ಜೋಡಣೆ ನೋಡದೆ ತೊಲೆಯ ಅಳತೆಯೊಂದರಿಂದಲೇ ಲೆಕ್ಕ ಮುಗಿಸುವ ಅಪಾಯವಿದೆ. ಟ್ರಸ್‌ನ ಚಿತ್ರ, ಪ್ರತಿ ಮರದ ಎರಡು ಜಾಗದ ಅಳತೆ, ಅಗಲ, ಅಂತರ, ಇಳಿಜಾರು, ಹೆಂಚಿನ ತೂಕ, ತೇವದ ಅಂಕಿಗಳು, ಬಾಗಿನ ಪಟ್ಟಿ, ಪ್ರತಿ ಜೋಡಣೆಯ ಹತ್ತಿರದ ಫೋಟೋ ಸಿದ್ಧವಿಟ್ಟುಕೊಳ್ಳಿ. ಫೋಟೋದಲ್ಲಿ ಅಳತೆಪಟ್ಟಿ ಕಾಣುವಂತಿರಲಿ, ಟ್ರಸ್‌ಗಳಿಗೆ ಸೀಮೆಸುಣ್ಣದಿಂದ ಸಂಖ್ಯೆ ಹಾಕಿ. ವರದಿಯಲ್ಲಿ ಬುಡದ ಜೋಡಣೆಯ ಲೆಕ್ಕವೂ ಮೇಲೆಳೆತದ ಲೆಕ್ಕವೂ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಕೆಲಸ ಮುಗಿದ ಮೇಲೆ ಏನು ನೋಡುತ್ತಿರಬೇಕು?

ಭಾರ ಹೇರುವ ಹಿಂದಿನ ದಿನವೇ ಪ್ರತಿ ಟ್ರಸ್‌ನ ನಡುವಿನ ಎತ್ತರವನ್ನು ನೆಲದ ಒಂದು ಗುರುತಿನಿಂದ ಅಳೆದು ಬರೆದಿಡಿ. ಭಾರ ಬಿದ್ದ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ, ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಿರಿ. ಮೊದಲ ತಿಂಗಳಲ್ಲಿ ತುಸು ಇಳಿದು ನಿಂತರೆ ಸರಿ. ಪ್ರತಿ ಅಳತೆಯಲ್ಲೂ ಇಳಿಯುತ್ತಲೇ ಇದ್ದರೆ ಭಾರ ಇಳಿಸಿ ಆನಿಕೆ ಕೊಟ್ಟು ಎಂಜಿನಿಯರನ್ನು ಕರೆಸಿ. ಸೀಳುಗಳ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಗೆರೆ ದಾಟಿದರೆ ಬೆಳೆದಿದೆ ಎಂದರ್ಥ. ರಿಪೇರಿಗೆ ಹೊಸ ಮರ ಬಳಸಿದ್ದರೆ ಅದು ಒಣಗಿ ಕುಗ್ಗಿದಂತೆ ಬೋಲ್ಟುಗಳು ಸಡಿಲವಾಗುತ್ತವೆ. ಆರು ತಿಂಗಳಿಗೊಮ್ಮೆ, ಮತ್ತೆ ವರ್ಷಕ್ಕೊಮ್ಮೆ ಬಿಗಿ ಮಾಡಿ.